ನಕ್ಷೆ ಕೂತಿತು, ಎವರೆಸ್ಟ್ ಸಾಹೇಬರ ಲೆಕ್ಕದಲ್ಲೇ

ಕೂತಿತು! ಒಂದು ಮೈಲಿಯನ್ನು ಒಂದು ಇಂಚಿಗೆ ಇಳಿಸಿದ ಹಳೇ ಇಂಚು-ಮೈಲಿ ನಕ್ಷೆ ಡ್ರೋನ್ ಚಿತ್ರದ ಮೇಲೆ ಕೊನೆಗೂ ಸರಿಯಾಗಿ ಕೂತಿತು. ಸೇತುವೆ ಸೇತುವೆಯ ಮೇಲಿದೆ, ರಸ್ತೆಯ ತಿರುವು ತಿರುವಿನ ಮೇಲಿದೆ. ಮಳೆಗಾಲ ಪೂರ್ತಿ ತಲೆ ತಿಂದ ಶಾಟ್ ಇದು. ಅದಕ್ಕೇ ಈ ಸಲ ಬೇರೆ ಕೆಲಸದ ಸುದ್ದಿ ಕಡಿಮೆ, ಇದರದ್ದೇ ಜಾಸ್ತಿ.

ನಮ್ಮ ಸಾಕ್ಷ್ಯಚಿತ್ರದ ವಿಷಯ ನಿಮಗೆ ಗೊತ್ತೇ ಇದೆ: ಬ್ರಿಟಿಷರು ಹೋದ ಮೇಲೂ ಕೊಡಗಿನಲ್ಲಿ ಅವರದ್ದು ಏನು ಉಳಿಯಿತು? ಬಂಗಲೆ, ಕ್ಲಬ್ಬು, ಸಿಲ್ವರ್ ಓಕ್ ಸಾಲು, ಮಡಿಕೇರಿ ಕೋಟೆಯೊಳಗೆ ಚರ್ಚು ಹೋಗಿ ಆದ ಮ್ಯೂಸಿಯಂ, ಇವೆಲ್ಲ ಶೂಟ್ ಆಗಿವೆ. ಚೆನ್ನಾಗೂ ಬಂದಿವೆ. ಆದರೆ ಅಲ್ಲಿಗೇ ನಿಲ್ಲಿಸಿದರೆ ಅದು ಪ್ರವಾಸದ ವೀಡಿಯೊ ಆಗುತ್ತದೆ, ಅಲ್ವಾ? ನನಗೆ ತೋರಿಸಬೇಕಿರುವುದು ನೆಲದ ಮೇಲಿನ ಗೆರೆ. 1854ರಲ್ಲಿ ಫೌಲರ್ ಎಂಬ ಬಿಳಿಯ ಮಡಿಕೇರಿ ಹತ್ತಿರ ಕಾಫಿ ತೋಟ ತೆರೆದ. ಆಮೇಲೆ ಕಾಡು ತೋಟವಾಯಿತು, ತೋಟದ ಅಂಚಿನಲ್ಲಿ ಕೂಲಿಯವರ ಸಾಲುಮನೆ, ಅಂದರೆ ಲೈನ್‌ಮನೆ ಎದ್ದಿತು. ದೊರೆಗಳು ಹೋದರು. ಲೈನ್‌ಮನೆ ಇದೆ, ಅದರಲ್ಲಿ ಇರುವವರಿಗೆ ಆ ನೆಲ ಇವತ್ತಿಗೂ ಸ್ವಂತದ್ದಲ್ಲ. ಜಮ್ಮಾ ಅನ್ನುವ ವಂಶಪಾರಂಪರ್ಯದ ಹಿಡುವಳಿ ಕೊಡಗಿನ ರಾಜರ ಕಾಲದಿಂದಲೇ ಇತ್ತು ನಿಜ. ಆದರೆ ಅದನ್ನು, ಅದರ ಜೊತೆಗಿನ ಬಾಣೆಯನ್ನು (ಗದ್ದೆಗೆ ಸೇರಿದ, ಸೊಪ್ಪು-ಸೌದೆಯ ಕಾಡುನೆಲ) ಕಾನೂನಿನ ಭಾಷೆಯಲ್ಲಿ ಕಟ್ಟಿ ಹಾಕಿದ್ದು 1899ರ ಕೊಡಗು ಭೂ ಕಂದಾಯ ನಿಯಮ. 1956ರಲ್ಲಿ ನಾವು ಮೈಸೂರಿಗೆ ಸೇರಿದ ಮೇಲೂ ಆ ಮಾತುಗಳು ದಾಖಲೆಯಿಂದ ಹೋಗಲಿಲ್ಲ.

ಇದನ್ನು ಬಾಯಲ್ಲಿ ಹೇಳಿದರೆ ನೋಡುವವರು ಎದ್ದು ಹೋಗುತ್ತಾರೆ. ಹಾಗಾಗಿ ಶುರುವಿಗೆ ಕುಶಾಲನಗರ. 1834ರಲ್ಲಿ ಕೊಡಗನ್ನು ಕಂಪನಿಯ ಕೈಗೆ ತೆಗೆದುಕೊಂಡ ಫ್ರೇಸರ್ ಹೆಸರಲ್ಲಿ ಅದು ಫ್ರೇಸರ್‌ಪೇಟೆ ಆಗಿತ್ತು. ಪರದೆ ಮೇಲೆ ಹಳೇ ನಕ್ಷೆ, ಅದು ನಿಧಾನಕ್ಕೆ ಕರಗಿ ಇವತ್ತಿನ ಊರು. ಹೆಸರು ಮಾಯ, ಗೆರೆ ಅಲ್ಲೇ. ಗೆರೆ ಅಲ್ಲೇ ಇರಬೇಕು ಅನ್ನುವುದೇ ಶಾಟಿನ ಜೀವ. ಅದೇ ಕೈ ಕೊಟ್ಟಿತು.

ಸ್ಕ್ಯಾನಿನ ಕಥೆ ಮೊದಲು. ಅಂಗಡಿಯವನು ನಕ್ಷೆಯನ್ನು ತುಂಡು ತುಂಡಾಗಿ ಸ್ಕ್ಯಾನ್ ಮಾಡಿ, ಮಡಿಕೆಯ ಗುರುತು ಅಳಿಸುತ್ತೇನೆಂದು ಎತ್ತರದ ಗೆರೆಗಳನ್ನೂ ಅಳಿಸಿಬಿಟ್ಟಿದ್ದ! ಎರಡನೇ ಸಲ ಪಕ್ಕದಲ್ಲೇ ನಿಂತು ಮಾಡಿಸಿಕೊಂಡೆ. ಡ್ರೋನಿನ ಕ್ಯಾಮೆರಾಕ್ಕೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಕಳಿಸಿದವರು ಬೇರೆ ಮಾಡೆಲಿನದ್ದು ಕಳಿಸಿದರು. ವಾಪಸ್ ತೆಗೆದುಕೊಳ್ಳೋಕೆ ಕೊರಿಯರ್ ಮಡಿಕೇರಿ ದಾಟಿ ಬರುವುದಿಲ್ಲವಂತೆ. ಕೊಡುವಾಗ ಮಾತ್ರ ಮನೆ ಬಾಗಿಲಿಗೇ ಬಂದಿತ್ತು.

ಇನ್ನು ಅಸಲು ತಲೆನೋವು. ಕ್ಯೂಜಿಐಎಸ್ ಎಂಬ ನಕ್ಷೆ ಸಾಫ್ಟ್‌ವೇರಿನಲ್ಲಿ ನಕ್ಷೆಯ ನಾಲ್ಕು ಮೂಲೆಯ ಅಕ್ಷಾಂಶ ರೇಖಾಂಶ ಕೊಟ್ಟು ಕೂರಿಸಿದರೆ ಎಲ್ಲವೂ ಸುಮಾರು 200 ಮೀಟರ್ ಆಗ್ನೇಯಕ್ಕೆ ಸರಿದು ಕೂರುತ್ತಿತ್ತು. ರಸ್ತೆ ಹೋಗಿ ಮನೆಗಳ ಮೇಲೆ. ಕಾಗದ ತೇವಕ್ಕೆ ಹಿಗ್ಗಿದ್ದರೆ ಒಂದೊಂದು ಕಡೆ ಒಂದೊಂದು ಥರ ಸರಿಯಬೇಕಿತ್ತು. ಇದು ಎಲ್ಲಾ ಕಡೆ ಒಂದೇ ದಿಕ್ಕಿಗೆ, ಒಂದೇ ಅಳತೆಗೆ. ನೆಲದ ಮೇಲಿನ ಗುರುತುಗಳಿಗೆ ಎಳೆದು ಕಟ್ಟಿ ಕೂರಿಸಬಹುದು, ಗೊತ್ತು. ಆದರೆ ಗೆರೆ ಅಲ್ಲೇ ಇದೆ ಎಂದು ಹೇಳುವ ಚಿತ್ರದಲ್ಲಿ ಗೆರೆಯನ್ನು ನಾನೇ ಎಳೆದು ತಂದರೆ ಅದು ಮೋಸ.

ಸರ್ವೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೇ ಪ್ರಶ್ನೆ ಕೇಳಿದರು: "ಈ ಮೂಲೆ ಲೆಕ್ಕ ಯಾವ ಗೋಳದ ಮೇಲಿಂದು, ನೋಡಿದ್ಯಾ ಮಗಾ?"

ಅಲ್ಲಿತ್ತು ವಿಷಯ. ಗೋಳ ಅಂದರೆ ನಕ್ಷೆ ಮಾಡುವವರು ಲೆಕ್ಕಕ್ಕೆ ಇಟ್ಟುಕೊಂಡ ಭೂಮಿಯ ಆಕಾರ, ಅಳತೆ. ಫೋನಿನ ಜಿಪಿಎಸ್ ಇರುವುದು ಡಬ್ಲ್ಯುಜಿಎಸ್ 84 ಗೋಳದ ಮೇಲೆ. ನಮ್ಮ ಹಳೇ ನಕ್ಷೆಗಳೆಲ್ಲ ಎವರೆಸ್ಟ್ ಗೋಳದ ಮೇಲೆ. ಬೆಟ್ಟಕ್ಕೆ ಯಾರ ಹೆಸರಿಟ್ಟರೋ ಅದೇ ಜಾರ್ಜ್ ಎವರೆಸ್ಟ್, 1830ರ ಲೆಕ್ಕ. ಕೊಡಗು ಕೈ ಬದಲಾದ 1834ರಲ್ಲಿ ಭಾರತದ ಸರ್ವೇಯರ್ ಜನರಲ್ ಆಗಿದ್ದವನೂ ಅವನೇ. ಅವನ ಲೆಕ್ಕದ ಭೂಮಿ ಭಾರತಕ್ಕೆ ಚೆನ್ನಾಗಿ ಹೊಂದುತ್ತದೆ, ಆದರೆ ಅದರ ತ್ರಿಜ್ಯ ಸಮಭಾಜಕದಲ್ಲಿ ಇವತ್ತಿನ ಲೆಕ್ಕಕ್ಕಿಂತ ಚಿಕ್ಕದು, ವ್ಯತ್ಯಾಸ 800 ಮೀಟರಿಗೂ ಜಾಸ್ತಿ. ಅಳತೆಯ ಮೂಲ ಬಿಂದು ಮಧ್ಯಪ್ರದೇಶದ ಕಲಿಯಾನ್‌ಪುರ. ಸ್ವಾತಂತ್ರ್ಯ ಬಂತು, ಕೊಡಗು ರಾಜ್ಯವಾಯಿತು, ಮೈಸೂರಿಗೆ ಸೇರಿತು, ನಮ್ಮ ನಕ್ಷೆಗಳು ಮಾತ್ರ ಅದೇ ಗೋಳದ ಮೇಲೆ ಇದ್ದವು. ಸಾರ್ವಜನಿಕರಿಗೆ ಡಬ್ಲ್ಯುಜಿಎಸ್ 84ರ ನಕ್ಷೆ ಎಂದು ತೀರ್ಮಾನವಾದದ್ದು 2005ರ ನಕ್ಷೆ ನೀತಿಯಲ್ಲಿ. ನಾನು ಬಂಗಲೆ, ಕ್ಲಬ್ಬುಗಳಲ್ಲಿ ಹುಡುಕುತ್ತಿದ್ದದ್ದು ನನ್ನ ಕಂಪ್ಯೂಟರಿನ ಒಳಗೇ ಕೂತಿತ್ತು. ಓದುತ್ತಾ ಮೈ ಜುಂ ಅಂದಿತು.

ಇದೇ ಕೆಲಸ ಮಾಡುವವರಿಗೆ ಒಂದು ಮಾತು. ಗೋಳ ಆರಿಸುವ ಕ್ಯೂಜಿಐಎಸ್ ಪಟ್ಟಿಯಲ್ಲಿ 'ಇಂಡಿಯನ್ 1975' ಅಂತ ಕಾಣುತ್ತದೆ. ಅದು ಥಾಯ್ಲೆಂಡಿನದ್ದು, ಮುಟ್ಟಬೇಡಿ. ನಮಗೆ ಬೇಕಿರುವುದು 'ಕಲಿಯಾನ್‌ಪುರ್ 1975'. ಮೂಲೆಗಳಿಗೆ ಅದನ್ನು ಕೊಟ್ಟು, ಆಮೇಲೆ ಡಬ್ಲ್ಯುಜಿಎಸ್ 84ಕ್ಕೆ ಬದಲಿಸಿ. ಮಡಿಕೆ ಬಿದ್ದ ಒಂದು ಮೂಲೆ ಈಗಲೂ ಸ್ವಲ್ಪ ಆಚೀಚೆ ಇದೆ. ಅದು ಕಾಗದದ ವಯಸ್ಸು, ಹಾಗೇ ಬಿಡುತ್ತೇನೆ.

ಇದರ ನಡುವೆ ಮುಂದಿನ ಚಿತ್ರವೂ ತಲೆಯಲ್ಲಿ ಓಡುತ್ತಿದೆ. ಕೋವಿ! ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರು 1861ರಲ್ಲಿ ಕೊಟ್ಟ ಲೈಸೆನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರ ತನಕ ಮುಂದುವರಿಸಿದೆ. ಕೋವಿ ನಮ್ಮದು, ಪೂಜೆ ನಮ್ಮದು, ವಿನಾಯಿತಿಯ ಕಾಗದ ಅವರದ್ದು. ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದಿನ ದಿನ ಒಂದು ಐನ್‌ಮನೆಯಲ್ಲಿ (ಕುಟುಂಬದ ಮೂಲಮನೆ) ಶೂಟ್ ಮಾಡಲು ಒಪ್ಪಿಗೆ ಕೇಳಿದ್ದೇನೆ.

ಸದ್ಯಕ್ಕೆ ಪಾಲಿಬೆಟ್ಟದ ಕಡೆಯ ತೋಟದ ಶಾಟ್ ಬಾಕಿ. ನೆರಳಿನ ಮರ ದಟ್ಟ ಇದ್ದರೆ ಮೇಲಿಂದ ಗಡಿಯೂ ಕಾಣದು, ಲೈನ್‌ಮನೆಯೂ ಕಾಣದು. ಕೊಂಬೆ ಕಡಿದು ಮರ ಕಪಾತು ಆದ ತಕ್ಷಣ ಫೋನ್ ಮಾಡುತ್ತೇನೆಂದು ಅಲ್ಲಿನ ರೈಟರು, ಅಂದರೆ ತೋಟದ ಗುಮಾಸ್ತರು, ಹೇಳಿದ್ದಾರೆ. ಬ್ಯಾಟರಿ ಚಾರ್ಜಿಗೆ ಹಾಕಿಟ್ಟಿದ್ದೇನೆ.