'ಎಷ್ಟು ಫೋಟೋ ಕೊಡ್ತೀರಾ?' ಅಂತ ಕೇಳುವವರಿಗೆ

ಮಂಡ್ಯದಲ್ಲಿ ಮದುವೆ ಫೋಟೋ ತೆಗೆಯುವುದು ನನ್ನ ಕೆಲಸ. ರೇಟು ಮಾತಾಡುವಾಗ ಮೊದಲು ಬರುವ ಪ್ರಶ್ನೆ, 'ಎಷ್ಟು ಫೋಟೋ ಕೊಡ್ತೀರಾ ಸಾರ್?' ಈಗ ನಾನು ಅದಕ್ಕೆ ಸಂಖ್ಯೆ ಹೇಳುವುದಿಲ್ಲ. ಮನೆಯಲ್ಲಿ ಅಜ್ಜಿ ಇದ್ದಾರಾ, ಧಾರೆ ಎರೆಯುವವರು ಯಾರು, ಸೋದರಮಾವ ಬರ್ತಾರಾ ಅಂತ ಕೇಳುತ್ತೇನೆ. ಯಾವ ಮುಖ ತಪ್ಪಬಾರದು ಅಂತ ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ.

ಫಿಲಂ ಕಾಲದಲ್ಲಿ 35 ಎಂ.ಎಂ. ರೋಲಿಗೆ 36 ಚಿತ್ರ. '120' ಅನ್ನುವ ಅಗಲ ಫಿಲಂ ರೋಲಿನಲ್ಲಿ ಚೌಕ ಫ್ರೇಮ್ ಆದರೆ 12 ಅಷ್ಟೇ. ಒತ್ತುವ ಮುಂಚೆ ಯೋಚಿಸಲೇಬೇಕಿತ್ತು. ಈಗಿನ ಕ್ಯಾಮೆರಾ ಸೆಕೆಂಡಿಗೆ 10 ಹೊಡೆಯುತ್ತದೆ. ಅದು ತಪ್ಪಲ್ಲ. ತಾಳಿ ಕಟ್ಟುವ ಹೊತ್ತಿಗೆ ಎಲ್ಲರೂ ಎದ್ದು ಅಕ್ಷತೆ ಹಾಕುತ್ತಾರೆ, ಮೊಬೈಲುಗಳು ಅಡ್ಡ ಬರುತ್ತವೆ. ಅಲ್ಲಿ ನಾನೂ ಬಿಡದೆ ಒತ್ತುತ್ತೇನೆ. ಆದರೆ ಆ ರಾಶಿಯನ್ನೆಲ್ಲ ಪೆನ್ ಡ್ರೈವ್‌ಗೆ ಸುರಿದು ಕೈತೊಳೆದುಕೊಳ್ಳಬಾರದು. ಆರಿಸುವುದರಲ್ಲೇ ಇರುವುದು ನಮ್ಮ ಕಸುಬು.

ಅಂತರಪಟ ಸರಿದು ಜೀರಿಗೆ-ಬೆಲ್ಲ ಹಾಕುವ ಗಳಿಗೆಯನ್ನೇ ತಗೊಳ್ಳಿ. ಒಂದರಲ್ಲಿ ಹುಡುಗಿಯ ನಗು ಚೆನ್ನಾಗಿದೆ, ಹುಡುಗನ ಕಣ್ಣು ಮುಚ್ಚಿದೆ. ಇನ್ನೊಂದರಲ್ಲಿ ಇಬ್ಬರೂ ಚೆನ್ನ, ಹಿಂದೆ ನಿಂತ ತಾಯಿಯ ಮುಖಕ್ಕೆ ಯಾರದೋ ಕೈ ಅಡ್ಡ. ಮತ್ತೊಂದರಲ್ಲಿ ತಾಯಿ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಫೋಕಸ್ ಚೂರು ತಪ್ಪಿದೆ. ನಾನು ಆ ಮೂರನೆಯದನ್ನೇ ಇಡುತ್ತೇನೆ. ಶಾರ್ಪ್ ಆಗಿರುವ ಬೇರೆ ಚಿತ್ರಗಳು ಆಲ್ಬಂನಲ್ಲಿ ಬೇಕಾದಷ್ಟಿವೆ, ಆ ತಾಯಿಯ ಆ ಹೊತ್ತು ಇರುವುದು ಅದೊಂದರಲ್ಲೇ.

ಬಣ್ಣದ ಕೆಲಸವೂ ಹಾಗೇ. ಅರಿಶಿನ ಶಾಸ್ತ್ರದಲ್ಲಿ ಬಣ್ಣವನ್ನು ಕ್ಯಾಮೆರಾ ತಾನೇ ಸರಿಮಾಡಿಕೊಳ್ಳುವ ಆಟೋ ವೈಟ್ ಬ್ಯಾಲೆನ್ಸ್‌ನಲ್ಲೇ ಇಟ್ಟರೆ ಅದು ಹಳದಿಯನ್ನು ತಗ್ಗಿಸಲು ಹೋಗಿ ಮುಖದ ಬಣ್ಣ ಕೆಡಿಸಬಹುದು. ಆರತಕ್ಷತೆಯ ಎಲ್‌ಇಡಿ ದೀಪ ಕೆನ್ನೆಗೆ ನೇರಳೆ ಬಳಿಯುತ್ತದೆ. ಒಂದೊಂದನ್ನೂ ಕೂತು ಸರಿಮಾಡಬೇಕು. ಸಾವಿರಾರು ಫೋಟೋಗೆ ಹಾಗೆ ಕೂರೋದಕ್ಕೆ ಆಗಲ್ಲ, ಅಲ್ವಾ? ಅದಕ್ಕೇ ಎಲ್ಲದಕ್ಕೂ ಒಂದೇ ಪ್ರೀಸೆಟ್, ಅಂದರೆ ಮೊದಲೇ ಮಾಡಿಟ್ಟ ಬಣ್ಣದ ಸೆಟ್ಟಿಂಗ್, ಹಾಕುತ್ತಾರೆ, ಕಪ್ಪಗಿರುವ ಹುಡುಗಿ ಬೆಳ್ಳಗೆ ಯಾರೋ ಬೇರೆಯವಳಾಗಿ ಬರುತ್ತಾಳೆ. ಇದು ನನಗೆ ಸುತಾರಾಂ ಒಪ್ಪಿಗೆ ಇಲ್ಲ.

ಸ್ಟೇಜ್ ಫೋಟೋಗಳ ಮಾತು ಬೇರೆ. ಮುಯ್ಯಿ ಕೊಟ್ಟು ಪಕ್ಕದಲ್ಲಿ ನಿಂತ ಪ್ರತಿಯೊಬ್ಬರ ಫೋಟೋನೂ ಇರಲೇಬೇಕು. ಅದು ನಂಟಸ್ತಿಕೆಯ ಲೆಕ್ಕ, ಅಲ್ಲಿ ಆರಿಸುವ ಹಕ್ಕು ನಮಗಿಲ್ಲ. ಅವನ್ನು ಬೇರೆ ಫೋಲ್ಡರ್‌ನಲ್ಲಿ ಪೂರ್ತಿ ಕೊಡುತ್ತೇನೆ, ಆಲ್ಬಂಗೆ ಮಾತ್ರ ತುಂಬುವುದಿಲ್ಲ.

ಆಷಾಢದಲ್ಲಿ ನಮ್ಮ ಕಡೆ ಮದುವೆ ಇರುವುದಿಲ್ಲ. ಆಗ ಕೆಲಸ ಕಲಿಯುವ ಹುಡುಗರನ್ನು ಕೂರಿಸಿಕೊಳ್ಳುತ್ತೇನೆ. ಮೈಸೂರಿನ ಪತ್ರಿಕಾ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಕಪ್ಪು-ಬಿಳುಪು ಚಿತ್ರಗಳನ್ನು ಮೊದಲು ತೋರಿಸುತ್ತೇನೆ. 1977ರಲ್ಲಿ ಪದ್ಮಶ್ರೀ ಪಡೆದವರು ಅವರು. ಅವರ ಒಂದು ಚಿತ್ರದಲ್ಲಿ ಒಂದು ಮಗುವಿನ ಮುಖವಿದ್ದರೆ ಸಾಕು, ಕಣ್ಣು ಅಲ್ಲೇ ನಿಲ್ಲುತ್ತದೆ. ಆಮೇಲೆ ನಮ್ಮದೇ ಹಳೆ ಆಲ್ಬಂ ತೆಗೆದು, ಇದರಲ್ಲಿ ಯಾವುದನ್ನು ಕಿತ್ತು ಹಾಕಬಹುದು, ಯಾಕೆ ಅಂತ ಕೇಳುತ್ತೇನೆ. ಸುಮ್ನೆ 'ಚೆನ್ನಾಗಿಲ್ಲ' ಅಂದರೆ ಒಪ್ಪುವುದಿಲ್ಲ. 'ಅಣ್ಣ, ಹಿಂದಿನ ಪುಟದಲ್ಲೂ ಇದೇ ನಗು ಇದೆ' ಅಂತ ಹೇಳಿದವನ ಕೈಗೆ ಶ್ರಾವಣದಲ್ಲಿ ಎರಡನೇ ಕ್ಯಾಮೆರಾ ಕೊಡುತ್ತೇನೆ.