ಯಾವ ರ‍್ಯಾಕೆಟ್ ಕೊಳ್ಳಲಿ ಎಂದು ಕೇಳುವವರಿಗೆ

ಬೆಳಗಿನ ಆರು ಗಂಟೆಯ ಸ್ಲಾಟ್‌ನಲ್ಲಿ ಹಲವು ವರ್ಷಗಳಿಂದ ಶಟಲ್ ಬ್ಯಾಡ್ಮಿಂಟನ್ ಆಡುತ್ತಿರುವ ಕಾರಣಕ್ಕೋ, ಬ್ಯಾಗಿನಲ್ಲಿ ಸದಾ ಮೂರು ರ‍್ಯಾಕೆಟ್ ಇಟ್ಟುಕೊಂಡಿರುವ ಕಾರಣಕ್ಕೋ, ಕೋರ್ಟಿಗೆ ಹೊಸದಾಗಿ ಬಂದವರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ: "ಸರ್, ಇಷ್ಟು ಬಜೆಟ್ ಇದೆ, ಯಾವ ರ‍್ಯಾಕೆಟ್ ತಗೊಳ್ಳಲಿ?" ಅವರಿಗೆ ಬೇಕಿರುವುದು ಒಂದು ಮಾಡೆಲ್‌ನ ಹೆಸರು. ನಾನು ಹೆಸರು ಹೇಳುವುದಿಲ್ಲ; ನಿಮ್ಮ ಹಿಂದಿನ ಗೆರೆಯ ಬಳಿ ನಿಂತು ಎದುರಿನ ಹಿಂದಿನ ಗೆರೆಯವರೆಗೆ ಕ್ಲಿಯರ್, ಅಂದರೆ ಎತ್ತರಕ್ಕೆ ಹೋಗಿ ದೂರ ಬೀಳುವ ಹೊಡೆತ, ಹೊಡೆದು ತೋರಿಸಿ ಎನ್ನುತ್ತೇನೆ. ಕೋರ್ಟಿನ ಉದ್ದ 13.40 ಮೀಟರ್. ಭುಜ ಕಿತ್ತುಬರುವಂತೆ ಹೊಡೆಯದೆ, ಹತ್ತರಲ್ಲಿ ಏಳೆಂಟು ಸಲ ಅಷ್ಟು ದೂರ ಶಟಲ್ ಕಳಿಸಬಲ್ಲವರಿಗೆ ನನ್ನ ಉತ್ತರ ಒಂದು. ಮುಕ್ಕಾಲು ದೂರಕ್ಕೇ ಶಟಲ್ ಇಳಿದುಬಿಡುವವರಿಗೆ ಇನ್ನೊಂದು.

ಅಂಗಡಿಯಲ್ಲಿ ಮೊದಲು ಮಾತಿಗೆ ಬರುವುದು ತೂಕ ಮತ್ತು ಬ್ಯಾಲೆನ್ಸ್. ನನ್ನ ಅನುಭವದಲ್ಲಿ ಅವೆರಡಕ್ಕಿಂತ ಮೊದಲು ನೋಡಬೇಕಾದದ್ದು ಶಾಫ್ಟ್ ಎಷ್ಟು ಬಾಗುತ್ತದೆ ಎಂಬುದನ್ನು. ಹಿಡಿಗೂ ಫ್ರೇಮಿಗೂ ನಡುವೆ ಇರುವ ಈ ಸಪೂರ ಕೋಲು, ನಾವು ತೋಳು ಬೀಸಿದಾಗ ಹಿಂದಕ್ಕೆ ಬಾಗಿ, ಶಟಲ್ ತಾಗುವ ಹೊತ್ತಿಗೆ ಮುಂದಕ್ಕೆ ಚಿಮ್ಮುತ್ತದೆ. ಆ ಚಿಮ್ಮುವಿಕೆಯೇ ಹೊಡೆತಕ್ಕೆ ಸಿಗುವ ಉಚಿತ ಬಲ. ಬಿರುಸಾಗಿ ಬೀಸುವವರಿಗೆ ಸ್ಟಿಫ್, ಅಂದರೆ ಗಡುಸಾದ ಶಾಫ್ಟನ್ನೂ ಬಾಗಿಸುವ ಶಕ್ತಿಯಿರುತ್ತದೆ. ಸುಲಭವಾಗಿ ಬಾಗುವ ಫ್ಲೆಕ್ಸಿಬಲ್ ಶಾಫ್ಟ್ ಅವರ ಕೈಯಲ್ಲಿ ತಡವಾಗಿ ಹಿಂತಿರುಗಿ ಗುರಿ ತಪ್ಪಿಸುತ್ತದೆ. ನಿಧಾನವಾಗಿ ಬೀಸುವವರ ಕೈಯಲ್ಲಾದರೋ ಸ್ಟಿಫ್ ಶಾಫ್ಟ್ ಬಾಗುವುದೇ ಇಲ್ಲ. ಹಲಗೆಯಿಂದ ಹೊಡೆದಂತಾಗಿ ಶಟಲ್ ದೂರ ಹೋಗದು, ಪೆಟ್ಟೆಲ್ಲ ಮೊಣಕೈಗೆ ಬರುತ್ತದೆ. ಹದಿನೈದು ಸಾವಿರ ದಾಟುವ ದುಬಾರಿ ಮಾಡೆಲ್‌ಗಳಲ್ಲಿ ಹೆಚ್ಚಿನವು ಸ್ಟಿಫ್ ಅಥವಾ ಎಕ್ಸ್‌ಟ್ರಾ ಸ್ಟಿಫ್. ಹೀಗಾಗಿ ಹೊಸಬರು ಬೆಲೆ ಹೆಚ್ಚಿಸಿದಷ್ಟೂ ಆಟ ಕೆಡುವ ವಿಚಿತ್ರ ಪರಿಸ್ಥಿತಿ ಈ ಒಂದು ವಸ್ತುವಿನಲ್ಲಿದೆ. ಕ್ಲಿಯರ್ ಪೂರ್ತಿ ತಲುಪದವರು ಫ್ಲೆಕ್ಸಿಬಲ್ ಅಥವಾ ಮೀಡಿಯಂ ಶಾಫ್ಟ್ ಬಿಟ್ಟು ಬೇರೆಯದನ್ನು ಮುಟ್ಟಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ತೂಕದ ವಿಷಯ ಸರಳ. ಶಾಫ್ಟಿನ ಬುಡದಲ್ಲಿ 3ಯು, 4ಯು, 5ಯು ಎಂದು ಬರೆದಿರುತ್ತಾರೆ. ಅಂಕಿ ಹೆಚ್ಚಿದಷ್ಟೂ ರ‍್ಯಾಕೆಟ್ ಹಗುರ. 3ಯು ಎಂದರೆ 85ರಿಂದ 89.9 ಗ್ರಾಂ, 4ಯು ಎಂದರೆ 80ರಿಂದ 84.9, 5ಯು ಎಂದರೆ 75ರಿಂದ 79.9. ಡಬಲ್ಸ್ ಆಡುವ ಬಹುಪಾಲು ಜನರಿಗೆ 4ಯು ಸಾಕು.

ಬ್ಯಾಲೆನ್ಸ್ ಮಾತ್ರ ಅಷ್ಟು ಸರಳವಲ್ಲ, ಮತ್ತು ಅದರ ಬಗ್ಗೆ ಹಬ್ಬಿರುವ ಮಾತುಗಳೂ ಪೂರ್ತಿ ಸರಿಯಲ್ಲ. ರ‍್ಯಾಕೆಟ್ಟನ್ನು ಬೆರಳಿನ ಮೇಲೆ ಅಡ್ಡಲಾಗಿ ತೂಗಿಸಿ, ಹಿಡಿಯ ತುದಿಯಿಂದ ಆ ಬಿಂದುವಿನವರೆಗೆ ಅಳೆದರೆ, ಸುಮಾರು 285ರಿಂದ 295 ಮಿ.ಮೀ. ಬಂದರೆ ಈವನ್ ಬ್ಯಾಲೆನ್ಸ್, ಅದಕ್ಕಿಂತ ಹೆಚ್ಚಿದ್ದರೆ ಹೆಡ್ ಹೆವಿ (ತಲೆಯ ಕಡೆ ಭಾರ), ಕಡಿಮೆಯಿದ್ದರೆ ಹೆಡ್ ಲೈಟ್ (ತಲೆಯ ಕಡೆ ಹಗುರ). ಯೋನೆಕ್ಸ್ ಕಂಪನಿಯನ್ನೇ ತೆಗೆದುಕೊಂಡರೆ ಆಸ್ಟ್ರಾಕ್ಸ್ ಸರಣಿ ಹೆಡ್ ಹೆವಿ, ನ್ಯಾನೋಫ್ಲೇರ್ ಹೆಡ್ ಲೈಟ್, ಆರ್ಕ್‌ಸೇಬರ್ ನಡುವಿನದು. ಸ್ಮ್ಯಾಶ್, ಅಂದರೆ ಮೇಲಿಂದ ಕೆಳಕ್ಕೆ ಬಿರುಸಾಗಿ ಬಡಿಯುವ ಹೊಡೆತ, ಬೇಕಾದರೆ ಹೆಡ್ ಹೆವಿ, ಡಿಫೆನ್ಸ್ ಬೇಕಾದರೆ ಹೆಡ್ ಲೈಟ್ ಎಂಬ ಸೂತ್ರವನ್ನು ಎಲ್ಲರೂ ಒಪ್ಪಿಸುತ್ತಾರೆ. ಆದರೆ 2023ರ ಏಪ್ರಿಲ್‌ನಲ್ಲಿ ಜಪಾನಿನ ಸೈತಾಮಾದಲ್ಲಿ ಭಾರತದ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ ಗಂಟೆಗೆ 565 ಕಿ.ಮೀ. ವೇಗದ ಸ್ಮ್ಯಾಶ್ ಹೊಡೆದು ಗಿನ್ನೆಸ್ ದಾಖಲೆ ಮಾಡಿದಾಗ ಕೈಯಲ್ಲಿದ್ದದ್ದು ನ್ಯಾನೋಫ್ಲೇರ್ 1000 ಜೆಡ್, ಅಂದರೆ ಹೆಡ್ ಲೈಟ್ ಸರಣಿಯದು. ಅದಕ್ಕೂ ಮುಂಚೆ, 2013ರಲ್ಲಿ, ಮಲೇಷ್ಯಾದ ತಾನ್ ಬೂನ್ ಹಿಯಾಂಗ್ 493 ಕಿ.ಮೀ. ದಾಖಲೆ ಮಾಡಿದ್ದೂ ಹೆಡ್ ಲೈಟ್ ಸರಣಿಯ ರ‍್ಯಾಕೆಟ್‌ನಿಂದಲೇ. ತಲೆಭಾರ ಹೊಡೆತಕ್ಕೆ ತೂಕ ಕೊಡುವುದು ನಿಜ, ಆದರೆ ಬೀಸುವ ವೇಗವನ್ನು ಕಸಿದುಕೊಳ್ಳುತ್ತದೆ. ಎರಡರಲ್ಲಿ ಯಾವುದು ಹೆಚ್ಚು ಎಂಬುದು ಅವರವರ ತೋಳಿಗೆ ಬಿಟ್ಟದ್ದು.

ಇನ್ನೊಂದು ತಮಾಷೆಯೆಂದರೆ, ಕೊಂಡ ಬ್ಯಾಲೆನ್ಸನ್ನು ನಾವೇ ಹಾಳುಮಾಡುತ್ತೇವೆ. ಒಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದಾಗ, ಹಿಡಿಯ ಮೇಲೆ ಸುತ್ತುವ ಪಟ್ಟಿಯಾದ ನನ್ನ ಓವರ್‌ಗ್ರಿಪ್ ಒಂದಕ್ಕೆ ಸುಮಾರು ಐದು ಗ್ರಾಂ ಬಂತು. 90 ಗ್ರಾಂ ತೂಗುವ, 295 ಮಿ.ಮೀ. ಬ್ಯಾಲೆನ್ಸಿನ ರ‍್ಯಾಕೆಟ್‌ಗೆ ಹಿಡಿಯ ಭಾಗದಲ್ಲಿ ಈ ಐದು ಗ್ರಾಂ ಸೇರಿದರೆ ಬ್ಯಾಲೆನ್ಸ್ ಬಿಂದು ಹತ್ತು ಮಿಲಿಮೀಟರಿಗೂ ಹೆಚ್ಚು ಹಿಂದಕ್ಕೆ ಸರಿಯುತ್ತದೆ. ಹೆಡ್ ಹೆವಿ ಬೇಕೆಂದು ಹಟ ಹಿಡಿದು ಕೊಂಡು, ಬೆವರಿಗೆಂದು ಹಳೆಯ ಗ್ರಿಪ್ ಬಿಚ್ಚದೆ ಅದರ ಮೇಲೆ ಎರಡು ಓವರ್‌ಗ್ರಿಪ್ ಸುತ್ತಿದವರು ಆಡುತ್ತಿರುವುದು ಹೆಡ್ ಲೈಟ್ ರ‍್ಯಾಕೆಟ್‌ನಲ್ಲೇ. ಅವರಿಗೆ ಗೊತ್ತಿಲ್ಲ, ಅಷ್ಟೆ. ಆದ್ದರಿಂದ ದಪ್ಪ ಹಿಡಿ ಬೇಕೋ ಸಣ್ಣದೋ ಎಂಬುದನ್ನು ಕೊಳ್ಳುವಾಗಲೇ ನಿರ್ಧರಿಸುವುದು ಒಳ್ಳೆಯದು. ಯೋನೆಕ್ಸ್‌ನಲ್ಲಿ ಹಿಡಿಯ ಅಳತೆಯಲ್ಲಿ ಜಿ4ಗಿಂತ ಜಿ5 ಸಣ್ಣದು.

ಶೈಲಿಯ ಪ್ರಶ್ನೆಗೆ ಬಂದರೆ, ಬಹಳ ಮಂದಿ ತಮ್ಮ ಶೈಲಿ "ಅಟ್ಯಾಕಿಂಗ್" ಎಂದೇ ಹೇಳುತ್ತಾರೆ. ಆಟ ನೋಡಿದರೆ ಇಪ್ಪತ್ತೊಂದು ಪಾಯಿಂಟಿನ ಗೇಮಿನಲ್ಲಿ ಸ್ಮ್ಯಾಶ್‌ನಿಂದ ಗಳಿಸಿದ್ದು ಮೂರೋ ನಾಲ್ಕೋ, ಉಳಿದುದೆಲ್ಲ ಡ್ರೈವ್, ಡ್ರಾಪ್ ಮತ್ತು ಎದುರಾಳಿಯ ತಪ್ಪಿನಿಂದ ಬಂದದ್ದು. ನಮ್ಮ ಪ್ರಕಾಶ್ ಪಡುಕೋಣೆಯವರು 1980ರ ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ, ಜಂಪ್ ಸ್ಮ್ಯಾಶ್‌ಗೆ ಹೆಸರಾದ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿದ್ದು ಬಲದಿಂದಲ್ಲ, ಕೈಚಳಕದಿಂದ. ಡಬಲ್ಸ್‌ನಲ್ಲಿ ನೆಟ್ ಬಳಿ ಹೆಚ್ಚು ಹೊತ್ತು ನಿಲ್ಲುವವರಿಗೆ ಹೆಡ್ ಲೈಟ್, ಹಿಂದೆ ನಿಂತು ನಿಜವಾಗಿಯೂ ಹೊಡೆಯುವವರಿಗೆ ಸ್ವಲ್ಪ ಹೆಡ್ ಹೆವಿ. ಯಾವ ಕಡೆ ಎಂದು ಇನ್ನೂ ಗೊತ್ತಾಗದವರಿಗೆ ಈವನ್ ಬ್ಯಾಲೆನ್ಸ್.

ದುಡ್ಡಿನ ವಿಷಯದಲ್ಲಿ ನನ್ನ ಸಲಹೆ ಇಷ್ಟು: ಒಟ್ಟು ಬಜೆಟ್‌ನಲ್ಲಿ ಸಾವಿರ ರೂಪಾಯಿಯನ್ನು ತಂತಿ ಕಟ್ಟಿಸುವ ಗಟ್ಟಿಂಗ್‌ಗೆ ತೆಗೆದಿಟ್ಟು, ಉಳಿದುದರಲ್ಲಿ ರ‍್ಯಾಕೆಟ್ ಹುಡುಕಿ. ಸಾವಿರದೊಳಗಿನ ಸ್ಟೀಲ್ ಅಥವಾ ಅಲ್ಯೂಮಿನಿಯಂ ಫ್ರೇಮು ಅಪಾರ್ಟ್‌ಮೆಂಟಿನ ಅಂಗಳಕ್ಕೆ ಸಾಕು. ಎರಡರಿಂದ ನಾಲ್ಕು ಸಾವಿರಕ್ಕೆ ಪೂರ್ತಿ ಗ್ರಾಫೈಟ್ ರ‍್ಯಾಕೆಟ್‌ಗಳು ಸಿಗುತ್ತವೆ. ವಾರಕ್ಕೆ ಮೂರು ದಿನ ಆಡುವವರಿಗೂ ಅವುಗಳಲ್ಲಿ ಕೊರತೆಯೇನಿಲ್ಲ. ಆದರೆ ಈ ದರದ ರ‍್ಯಾಕೆಟ್‌ಗಳಿಗೆ ಕಾರ್ಖಾನೆಯಲ್ಲಿ ಹಾಕಿ ಕಳಿಸುವ ಗಟ್ ಸಾಮಾನ್ಯವಾಗಿ ಅಗ್ಗದ್ದು, ಸಡಿಲವೂ ಹೌದು. ಅದನ್ನು ಕತ್ತರಿಸಿ, 0.70 ಮಿ.ಮೀ. ದಪ್ಪದ ಬಿಜಿ65ನಂತಹ ಬಾಳಿಕೆ ಬರುವ ಗಟ್ಟನ್ನು ಬಿಗಿಯ ಲೆಕ್ಕದಲ್ಲಿ 23 ಅಥವಾ 24 ಪೌಂಡ್‌ಗೆ ಹಾಕಿಸಿ ನೋಡಿ. ಶಟಲ್ ತಾಗಿದಾಗ ಬರುತ್ತಿದ್ದ ಮಂಕು ಸದ್ದು ಹೋಗಿ ಟಣ್ಣೆನ್ನುತ್ತದೆ. ವೃತ್ತಿಪರರು 28, 30 ಪೌಂಡ್ ಹಾಕಿಸುತ್ತಾರೆಂದು ಆಸೆಪಡಬೇಡಿ. ಬಿಗಿ ಹೆಚ್ಚಿದಷ್ಟೂ ಗಟ್ಟಿನ ನಟ್ಟನಡುವೆಯೇ ಹೊಡೆಯಬೇಕಾಗುತ್ತದೆ. ಬದಿಗೆ ತಾಗಿದ ಶಟಲ್ ಸತ್ತು ಬೀಳುತ್ತದೆ.

ಈ ಆಸೆಗೆ ನಾನೂ ಬೆಲೆ ತೆತ್ತಿದ್ದೇನೆ. ಒಮ್ಮೆ ಡಬಲ್ಸ್‌ನಲ್ಲಿ ನಡುವೆ ಬಂದ ಶಟಲ್‌ಗೆ ನಾನೂ ಪಾರ್ಟ್‌ನರೂ ಒಟ್ಟಿಗೆ ಬೀಸಿ, ನನ್ನ ಫ್ರೇಮಿನ ಮೇಲ್ಬದಿಯಲ್ಲಿ ಉಗುರಿನಷ್ಟಗಲ ಬಣ್ಣ ಎದ್ದಿತ್ತು. ಶಾಫ್ಟಿನ ಬುಡದಲ್ಲಿ ಗರಿಷ್ಠ 26 ಪೌಂಡ್ ಎಂದು ಅಚ್ಚಾಗಿದ್ದರೂ, ಗಟ್ಟಿಂಗ್ ಮಾಡುವ ಹುಡುಗ ಬೇಡ ಬೇಡವೆಂದರೂ, 28ಕ್ಕೆ ಹಾಕು ಎಂದು ನಾನೇ ಪಟ್ಟುಹಿಡಿದೆ. ಅಡ್ಡ ಗಟ್ಟಿನ ಕೊನೆಯ ನಾಲ್ಕು ಎಳೆ ಉಳಿದಿರುವಾಗ ಮೆಷಿನ್ನಿನ ಮೇಲೆಯೇ, ಸರಿಯಾಗಿ ಆ ಬಣ್ಣ ಎದ್ದ ಜಾಗದಲ್ಲಿ ಫ್ರೇಮ್ ಮುರಿದು ಒಳಕ್ಕೆ ಕುಸಿಯಿತು. ಆರು ಸಾವಿರದ ರ‍್ಯಾಕೆಟ್ ಹೋಯಿತು, ಹುಡುಗನಿಗೆ ಮಜೂರಿಯನ್ನೂ ಕೊಟ್ಟು ಬಂದೆ.

ಕಳೆದ ತಿಂಗಳು ನೆರೆಮನೆಯ ಒಬ್ಬರು, ನಲವತ್ತೆರಡು ವರ್ಷದವರು, ಐದು ಸಾವಿರ ರೂಪಾಯಿ ಇಟ್ಟುಕೊಂಡು ಇದೇ ಪ್ರಶ್ನೆ ಕೇಳಿದರು. ಅರ್ಧ ಬೆಲೆಗೆ ಟಾಪ್ ಮಾಡೆಲ್ ಸಿಗುತ್ತದೆಂಬ ಜಾಹೀರಾತೊಂದನ್ನು ಫೋನಿನಲ್ಲಿ ತೋರಿಸಿದರು. ಅಂಥ ದರಕ್ಕೆ ಬರುವುದು ಹೆಚ್ಚಾಗಿ ನಕಲಿ ಮಾಲು ಎಂದು ಹೇಳಿ ಬಿಡಿಸಿದೆ. ಕ್ಲಿಯರ್ ಹೊಡೆಸಿದಾಗ ಹತ್ತರಲ್ಲಿ ನಾಲ್ಕು ಮಾತ್ರ ಹಿಂದಿನ ಗೆರೆ ಮುಟ್ಟಿದವು. ಕೊನೆಗೆ 4ಯು ತೂಕದ, ಮೀಡಿಯಂ ಶಾಫ್ಟಿನ, ಈವನ್ ಬ್ಯಾಲೆನ್ಸಿನ ರ‍್ಯಾಕೆಟ್ಟೊಂದು ಮೂರು ಸಾವಿರದ ಇನ್ನೂರಕ್ಕೆ ಸಿಕ್ಕಿತು. ಎಂಟುನೂರು ರೂಪಾಯಿಗೆ ಗಟ್ ಹಾಕಿಸಿ, ಉಳಿದ ಸಾವಿರಕ್ಕೆ ನೈಲಾನ್ ಶಟಲ್‌ನ ಒಂದು ಡಬ್ಬ ತೆಗೆದುಕೊಂಡರು. ಮೊನ್ನೆ ಭಾನುವಾರ ಅವರದು ಹತ್ತರಲ್ಲಿ ಆರು ಮುಟ್ಟಿದವು, ಆದರೆ ಹಿಡಿಯ ಮೇಲೆ ಆಗಲೇ ಎರಡನೆಯ ಓವರ್‌ಗ್ರಿಪ್ ಸುತ್ತಿದ್ದರು.