ಆಕ್ರಿಲಿಕ್ ಕಾಯ್ದಾಗ ಲೋಹದ ಲವಣ ಮಾಡುವ ಕೆಲಸ

ಬೆಳಗಾವಿಯ ಖಡೇಬಜಾರಿನ ಅಂಗಡಿಗಳ ಮೇಲೆ ಹೊಳೆಯುವ ಆಕ್ರಿಲಿಕ್ ಫಲಕಗಳ ಮೂಲವಸ್ತು ಪಾಲಿಮೀಥೈಲ್ ಮೆಥಾಕ್ರಿಲೇಟ್, ಅಂದರೆ ಪಿಎಂಎಂಎ. ಇದನ್ನು ಗಾಳಿ ತಾಗದಂತೆ 300ರಿಂದ 400 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಇದ್ದಿಲು ಉಳಿಯುವುದೇ ಅಪರೂಪ. ಶೇಕಡಾ 90ಕ್ಕಿಂತ ಹೆಚ್ಚು ಭಾಗ ಮೀಥೈಲ್ ಮೆಥಾಕ್ರಿಲೇಟ್ ಎಂಬ ಮೂಲ ಮೊನೊಮರ್ (ಪಾಲಿಮರ್‌ನ ಉದ್ದ ಸರಪಳಿ ಕಟ್ಟುವ ಒಂಟಿ ಘಟಕ) ಆಗಿಯೇ ಹೊರಬರುತ್ತದೆ. ಜೋಳದ ಚೀಲದ ಬಾಯಿಗೆ ಹಾಕಿದ ಹೊಲಿಗೆಯಲ್ಲಿ ಸರಿಯಾದ ಎಳೆ ಕೈಗೆ ಸಿಕ್ಕರೆ ಇಡೀ ಹೊಲಿಗೆ ಸರ್ರನೆ ಬಿಚ್ಚಿಕೊಳ್ಳುತ್ತದಲ್ಲ, ಹಾಗೆಯೇ ಸರಪಳಿಯಲ್ಲಿ ಒಂದು ರಾಡಿಕಲ್ (ಜೋಡಿಯಿಲ್ಲದ ಎಲೆಕ್ಟ್ರಾನ್ ಇರುವ ಚುರುಕು ತುದಿ) ಹುಟ್ಟಿದರೆ ಸಾಕು, ಘಟಕಗಳು ಒಂದರ ಹಿಂದೊಂದು ಕಳಚುತ್ತವೆ. ಫೋಮಿನ ಅಚ್ಚನ್ನು ಮರಳಿನಲ್ಲಿ ಹುಗಿದು ಅದರ ಮೇಲೆಯೇ ಕರಗಿದ ಲೋಹ ಸುರಿಯುವ ಎರಕದಲ್ಲಿ ಪಿಎಂಎಂಎ ಬಳಸುವುದೂ ಇದೇ ಕಾರಣಕ್ಕೆ: ಪಾಲಿಸ್ಟೈರೀನ್‌ಗಿಂತ ಕಡಿಮೆ ಇಂಗಾಲ ಉಳಿಯುತ್ತದೆ ಎಂಬ ಲಾಭ ನಮ್ಮ ಉದ್ಯಮಬಾಗಿನ ಫೌಂಡ್ರಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಫಲಕಕ್ಕೆ ಬೆಂಕಿ ತಗುಲಿದಾಗಲಾದರೋ ಕಳಚಿದ ಮೊನೊಮರೇ ಜ್ವಾಲೆಗೆ ಇಂಧನವಾಗುತ್ತದೆ.

ಈ ಬಿಚ್ಚುವಿಕೆಯನ್ನು ತಡೆಯಲೆಂದು ಸತುವಿನ ಬ್ರೋಮೈಡ್‌ನಂಥ ಲವಣ ಬೆರೆಸಿದಾಗ ಸತು, ಸರಪಳಿಯ ಬದಿಯಲ್ಲಿ ತೂಗುವ ಎಸ್ಟರ್ ಗುಂಪಿನ ಕಾರ್ಬೊನಿಲ್ (ಇಂಗಾಲಕ್ಕೆ ಜೋಡಿಬಂಧದಿಂದ ಸೇರಿದ) ಆಮ್ಲಜನಕಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿನ ಮೀಥೈಲ್ ಗುಂಪು ಬ್ರೋಮಿನ್ ಜೊತೆಗೂಡಿ ಮೀಥೈಲ್ ಬ್ರೋಮೈಡ್ ಅನಿಲವಾಗಿ ಹೊರಬೀಳುತ್ತದೆ (ಇದು ವಿಷಾನಿಲ, ಆದ್ದರಿಂದ ಪ್ರಯೋಗ ಅನಿಲವನ್ನು ಹೀರಿ ಹೊರಹಾಕುವ ಫ್ಯೂಮ್ ಹುಡ್‌ನಲ್ಲೇ ನಡೆಯಬೇಕು), ಸರಪಳಿಯ ಮೇಲೆ ಸತುವಿನ ಕಾರ್ಬಾಕ್ಸಿಲೇಟ್ (ಆಮ್ಲದ ಸತು ಲವಣ) ಉಳಿಯುತ್ತದೆ. ನೆರೆಹೊರೆಯ ಗುಂಪುಗಳು ಕೂಡಿ ಆರು ಪರಮಾಣುಗಳ ಅನ್‌ಹೈಡ್ರೈಡ್ ಉಂಗುರಗಳೂ (ಎರಡು ಆಮ್ಲ ಗುಂಪುಗಳು ನಡುವೆ ಒಂದು ಆಮ್ಲಜನಕವಿಟ್ಟು ಬೆಸೆದ ರಚನೆ) ರೂಪುಗೊಳ್ಳುತ್ತವೆ. ಬಿಚ್ಚುತ್ತ ಬಂದ ಹೊಲಿಗೆ ಈ ಗಂಟುಗಳಲ್ಲಿ ಸಿಕ್ಕಿ ನಿಲ್ಲುತ್ತದೆ. ನಿಂತ ತುಣುಕು ಇನ್ನೂ ಹೆಚ್ಚಿನ ತಾಪದಲ್ಲಿ ಬೇರೆ ದಾರಿ ಹಿಡಿದು ಒಡೆಯುತ್ತದೆ, ಅದರಲ್ಲಿ ಒಂದಷ್ಟು ಇದ್ದಿಲಾಗುತ್ತದೆ. ಪಿಎಂಎಂಎಯ ಹತ್ತಿರದ ಸಂಬಂಧಿಯಾದ ಪಾಲಿಮೀಥೈಲ್ ಅಕ್ರಿಲೇಟ್ ಮೊದಲಿನಿಂದಲೂ ಹೀಗೆ ಸಲೀಸಾಗಿ ಬಿಚ್ಚಿಕೊಳ್ಳುವುದಿಲ್ಲವಾದ್ದರಿಂದ ಅದರ ಲೆಕ್ಕವೇ ಬೇರೆ.

ಲವಣ ಹಾಕಿದರೆ ಸ್ಥಿರತೆ ಹೆಚ್ಚುತ್ತದೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ನನಗೆ ಒಪ್ಪಿತವಲ್ಲ. ಒಂದೇ ಲವಣ ವಿಘಟನೆಯ ಆರಂಭವನ್ನು ಕಡಿಮೆ ತಾಪಕ್ಕೆ ಇಳಿಸಿ, ಅದರ ಕೊನೆಯನ್ನು ಹೆಚ್ಚಿನ ತಾಪಕ್ಕೆ ಏರಿಸಬಲ್ಲದು. ಆಗ ಯಾವುದನ್ನು ಸ್ಥಿರತೆ ಎನ್ನೋಣ? ಕೊನೆಗೆ ಉಳಿದ ತೂಕವನ್ನೂ ಹಾಗೆಯೇ ನಂಬುವಂತಿಲ್ಲ. 10 ಗ್ರಾಂ ಸತುವಿನ ಕ್ಲೋರೈಡ್ ಪೂರ್ತಿ ಆಕ್ಸೈಡ್ ಆದರೆ ಅದೊಂದೇ ಸುಮಾರು 6 ಗ್ರಾಂ ತೂಗುತ್ತದೆ. ಅಷ್ಟನ್ನು ಕಳೆಯದೆ ಇದ್ದಿಲು ಹೆಚ್ಚಿತೆಂದು ಬರೆದರೆ ಲೋಹದ ಬೂದಿಯನ್ನೇ ಪಾಲಿಮರ್‌ನ ಲೆಕ್ಕಕ್ಕೆ ಸೇರಿಸಿದಂತಾಗುತ್ತದೆ. ಆದ್ದರಿಂದ ಟಿಜಿಎ ರೇಖೆಯನ್ನು (ಕಾಯಿಸುತ್ತ ಹೋದಂತೆ ತೂಕ ಇಳಿಯುವುದನ್ನು ತೋರಿಸುವ ರೇಖೆ) ನೈಟ್ರೋಜನ್‌ನಲ್ಲಿ ಒಮ್ಮೆ, ಗಾಳಿಯಲ್ಲಿ ಒಮ್ಮೆ ತೆಗೆದು, ಹೊರಬಂದ ಅನಿಲವನ್ನು ಇನ್‌ಫ್ರಾರೆಡ್‌ನಲ್ಲಿ ಪರೀಕ್ಷಿಸಬೇಕು: ಮೊನೊಮರ್ ಕಡಿಮೆಯಾಗಿ ಮೀಥೈಲ್ ಹ್ಯಾಲೈಡ್ (ಮೀಥೈಲ್ ಬ್ರೋಮೈಡ್ ಅಥವಾ ಕ್ಲೋರೈಡ್‌ನಂಥದು) ಕಾಣಿಸಿಕೊಂಡಿದ್ದರೆ ಮಾತ್ರ ಲವಣವು ಎಸ್ಟರ್ ಗುಂಪಿನ ಮೇಲೆಯೇ ಕೆಲಸ ಮಾಡಿದೆ ಎಂದು ಬರೆಯಲು ಧೈರ್ಯ ಬರುತ್ತದೆ.